ಆ ಮಾಲ್ ಒಳಗೆ ಒಂದು ಮರ ಇತ್ತು, ಅಲ್ವಾ? ಯಾರಿಗಾದರೂ ನೆನಪಿದೆಯಾ?

ಮಾಣಿ ಸೆಂಟ್ರಲ್ ಲೈನ್ | ಶನಿವಾರ ರಾತ್ರಿ 10:12

ಹಳೇ ಮುಂಬೈ ಅಂದರೆ ಇಲ್ಲಿ ಎಲ್ಲರೂ ಟ್ರಾಮ್, ಇರಾನಿ ಹೋಟೆಲ್, ವಿಟಿ ಸ್ಟೇಷನ್ ಅಂತ ಶುರು ಮಾಡುತ್ತಾರೆ. ನನ್ನ ಪ್ರಶ್ನೆ ಅಷ್ಟು ಹಳೇದಲ್ಲ. ಬರೀ 2006ರದ್ದು. ಆದರೂ ಉತ್ತರ ಸಿಗುತ್ತಿಲ್ಲ.

ಠಾಣೆ ದಾಟಿದ ಮೇಲೆ ನಮ್ಮ ಸೆಂಟ್ರಲ್ ಲೋಕಲ್ ಟ್ರೇನ್ ಲೈನಿನಲ್ಲಿ ಒಂದು ಮಾಲ್ ಇದೆ. ಹೆಸರು ಬರೆಯುವುದಿಲ್ಲ. ಅಪ್ಪ ಅಲ್ಲಿ ಎರಡನೇ ಮಹಡಿಯಲ್ಲಿ ಒಂದು ಗಾಳಾ, ಅಂದರೆ ಸಣ್ಣ ಅಂಗಡಿ ಜಾಗ, ಕೊಂಡಿದ್ದರು, 110 ಚದರಡಿ. ಗಾಳಾ ಕೊಂಡವರಿಗೂ ಬಿಲ್ಡರಿಗೂ ಕೇಸು ಇನ್ನೂ ನಡೆಯುತ್ತಿದೆ. ಸ್ಟೇಷನ್ ಹೆಸರೂ ಹೇಳುವುದಿಲ್ಲ. ಗೊತ್ತಿರುವವರಿಗೆ ಗೊತ್ತಾಗುತ್ತದೆ.

ಮಾಲ್ ಶುರುವಾದಾಗ ನನಗೆ ಏಳು ವರ್ಷ. ಶಾಲೆ ಬಿಟ್ಟು ನೇರ ಅಲ್ಲಿಗೇ ಹೋಗುತ್ತಿದ್ದೆ. ನೆನಪಿರುವುದು ಇಷ್ಟು. ನೆಲ ಕೆಂಪು, ಕಪ್ಪು ಪಟ್ಟಿ. ಅಂಚಿಗೆಲ್ಲ ಬಲ್ಬ್ ಇದ್ದ ಗಾಜಿನ ಲಿಫ್ಟು. ಮೇಲೆ ನೀಲಿ ಆಕಾಶ, ಬಿಳಿ ಮೋಡ ಬಿಡಿಸಿದ ಸೀಲಿಂಗು. ಮತ್ತೆ ನಟ್ಟ ನಡುವೆ ಒಂದು ದೊಡ್ಡ ಮರ. ಪ್ಲಾಸ್ಟಿಕ್ಕೋ ಫೈಬರ್ರೋ, ಕೊಂಬೆ ಮೊದಲನೇ ಮಹಡಿವರೆಗೆ ಬರುತ್ತಿತ್ತು. ಕೊಂಬೆ ಮೇಲೆ ಒಂದು ಗಿಳಿ.

ಈಗ ಹೋಗಿ ನೋಡಿದರೆ ಎಲ್ಲಾ ಬಿಳಿ, ಬೂದು. ಮರ ಇಲ್ಲ. ಅಮ್ಮನನ್ನು ಕೇಳಿದರೆ ಮರ ಅಲ್ಲ, ಕಾರಂಜಿ ಇತ್ತು ಅನ್ನುತ್ತಾಳೆ. ಅಪ್ಪ, ಎರಡೂ ಇರಲಿಲ್ಲ, ಇಬ್ಬರಿಗೂ ಮರುಳು ಅನ್ನುತ್ತಾರೆ. ಮನೆಯಲ್ಲಿ ಒಂದು ಫೋಟೋ ಇಲ್ಲ. ಯಾರಿಗಾದರೂ ನೆನಪಿದೆಯಾ?

ಗೋಳಿಬಜೆ | ರಾತ್ರಿ 10:20

ಗೊತ್ತಾಯಿತು ಮಾರಾಯ ಯಾವುದು ಅಂತ. ಹೆಸರು ಹೇಳಲಾ?

ನಿರ್ವಾಹಕ | ರಾತ್ರಿ 10:21

ಬೇಡ. ಕೇಸು ಇದೆ ಅಂದಿದ್ದಾರೆ. ಹೆಸರು ಹಾಕಿದ ಕಾಮೆಂಟು ತೆಗೆಯುತ್ತೇನೆ.

ಬೊರಿವಲಿ ಸ್ಲೋ | ರಾತ್ರಿ 10:34

ಠಾಣೆ ಆಚೆ ಇರುವುದಕ್ಕೆಲ್ಲ ಮಾಲ್ ಅನ್ನಬೇಡಿ ಪ್ಲೀಸ್. ಉಪನಗರದ ಮಾಲ್ ಅಂದರೆ ಮಲಾಡಿನ ಇನಾರ್ಬಿಟ್. 2004. ಉದ್ದಕ್ಕೆ ನಡೆದಷ್ಟೂ ಮುಗಿಯದ ಹಾಗೆ. ಉಳಿದದ್ದೆಲ್ಲ ಎಸಿ ಹಾಕಿದ ಮಾರ್ಕೆಟ್.

ವಾಶಿ ವಾಸು | ರಾತ್ರಿ 10:41

ಬಂದರಪ್ಪ ವೆಸ್ಟರ್ನ್ ಲೈನಿನವರು. ಮುಂಬೈಗೆ ಮಾಲ್ ಅಂತ ತೋರಿಸಿದ್ದು ಹಾಜಿ ಅಲಿ ಹತ್ತಿರದ ಕ್ರಾಸ್‌ರೋಡ್ಸ್, 1999ರಲ್ಲಿ. ಶುರುವಿನಲ್ಲಿ ಒಳಗೆ ಬಿಡಬೇಕಾದರೆ ಮೊಬೈಲೋ ಕ್ರೆಡಿಟ್ ಕಾರ್ಡೋ ತೋರಿಸಬೇಕಿತ್ತು, ಇಲ್ಲದಿದ್ದರೆ ಟಿಕೆಟ್ ದುಡ್ಡು. ಆಮೇಲೆ ಅದೇ ಸೋಬೋ ಸೆಂಟ್ರಲ್ ಆಯಿತು.

ಬೊರಿವಲಿ ಸ್ಲೋ | ರಾತ್ರಿ 10:43

ಹಾಜಿ ಅಲಿ ಯಾವಾಗಿಂದ ಉಪನಗರ? ಹಾಗಾದರೆ ಅಂಧೇರಿಯ ಶಾಪರ್ಸ್ ಸ್ಟಾಪ್ 1991ರದ್ದು. ನಮ್ಮದೇ ಮೊದಲು.

ವಾಶಿ ವಾಸು | ರಾತ್ರಿ 10:44

ಅದು ಒಂದೇ ಅಂಗಡಿ. ಮಾಲ್ ಅಲ್ಲ.

ಕಲ್ವಾ ಮಾಮಿ | ರಾತ್ರಿ 10:58

ಮೊಬೈಲ್ ವಿಷಯ ನಿಜ ಮಗಾ. ನಮ್ಮ ಬಿಲ್ಡಿಂಗಿನ ಒಬ್ಬರು ಆ ಕಾಲದಲ್ಲಿ ಮಾಲ್ ನೋಡಲು ಹೋಗುವಾಗ ಭಾವನ ಮೊಬೈಲ್ ಇಸ್ಕೊಂಡು ಹೋಗುತ್ತಿದ್ದರು. ಅದರಲ್ಲಿ ಚಾರ್ಜೇ ಇರುತ್ತಿರಲಿಲ್ಲ. ಶರ್ಟಿನ ಕಿಸೆಯಲ್ಲಿ ಅರ್ಧ ಕಾಣುವ ಹಾಗೆ ಇಟ್ಟುಕೊಂಡರೆ ಸಾಕು.

ಮಾಣಿಯ ಪ್ರಶ್ನೆಗೆ. ಆ ಮಾಲಿಗೆ ನಾನೂ ಹೋಗಿದ್ದೇನೆ. ನನಗೆ ಮರ, ಕಾರಂಜಿ ಯಾವುದೂ ನೆನಪಿಲ್ಲ. ಎಸ್ಕಲೇಟರ್ ಮಾತ್ರ ನೆನಪಿದೆ. ನಮ್ಮ ಅತ್ತೆ ಇಳಕಲ್ ಸೀರೆ ಉಟ್ಟು ಬಂದಿದ್ದರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ನೆರಿಗೆ ಎತ್ತಿ ಹಿಡಿದು, ಒಂದು ಕಾಲು ಮುಂದಿಟ್ಟು, ಹಿಂದಕ್ಕೆ ತೆಗೆದು, ಮತ್ತೆ ಇಟ್ಟು. ಹಿಂದೆ ಇಪ್ಪತ್ತು ಜನ ನಿಂತಿದ್ದಾರೆ. ಅಲ್ಲೊಬ್ಬ ಹುಡುಗ ಇದ್ದ, ಜನರನ್ನು ಹತ್ತಿಸುವುದೇ ಅವನ ಕೆಲಸ. "ಆಜಿ, ಹಳದಿ ಗೆರೆ ಬಿಟ್ಟು ನಿಲ್ಲಿ" ಅಂತ ಮರಾಠಿಯಲ್ಲಿ ಹೇಳುತ್ತಿದ್ದ. ಅತ್ತೆ ಕಡೆಗೆ ಅವನ ಕೈ ಹಿಡಿದು ಹತ್ತಿದರು. ಮೇಲೆ ಹೋಗಿ ಇಳಿಯುವಾಗ ಅವನು ಇರಲಿಲ್ಲ!

ಬಾಗಲಕೋಟಿ ಮಂದಿ | ರಾತ್ರಿ 11:05

ಮಾಮಿ, ಒಂದು ತಮಾಷೆ ಹೇಳತೇನಿ. ನಿಮ್ಮ ಅತ್ತೆ ಉಟ್ಟದ್ದು ಇಳಕಲ್, ತುಳಿದದ್ದೂ ಇಳಕಲ್. ಮಾಣಿ ಹೇಳಿದ ಆ ಕೆಂಪು ನೆಲ ನಮ್ಮ ಇಳಕಲ್ ಗ್ರಾನೈಟ್ ಇರಬೇಕು. ಕೆಂಪಿನಲ್ಲಿ ಬೂದು ಅಲೆ ಅಲೆ ಇತ್ತಾ? ಹಾಗಿದ್ದರೆ ಅದೇ. ಕಪ್ಪು ಪಟ್ಟಿ ಚಾಮರಾಜನಗರದ ಕಡೆಯ ಕಲ್ಲು ಇದ್ದೀತು. ನಾನು ಭಿವಂಡಿ ರೋಡಿನ ಒಂದು ಕಲ್ಲಿನ ಯಾರ್ಡಿನಲ್ಲಿ ಒಂಬತ್ತು ವರ್ಷ ಇದ್ದೆ. ಆಗ ಲಾರಿಗಟ್ಟಲೆ ಬರುತ್ತಿತ್ತು. ಮಾಲ್, ಬ್ಯಾಂಕು, ಲಿಫ್ಟಿನ ಬಾಗಿಲ ಚೌಕಟ್ಟು, ಎಲ್ಲದಕ್ಕೂ ಕೆಂಪು. ಆಮೇಲೆ ಒಂದೇ ಸಲ ಎಲ್ಲರಿಗೂ ವಿಟ್ರಿಫೈಡ್ ಟೈಲ್ ಹುಚ್ಚು ಹಿಡಿಯಿತು.

ಮಾಣಿ ಸೆಂಟ್ರಲ್ ಲೈನ್ | ರಾತ್ರಿ 11:09

ಅಲೆ ಅಲೆ ಇತ್ತು! ನಾನು ಆ ಗೆರೆಗಳ ಮೇಲೆ ಆಟದ ಕಾರು ಓಡಿಸುತ್ತಿದ್ದೆ. ಅಣ್ಣಾ, ಆ ಕಲ್ಲು ಕಿತ್ತು ಎಲ್ಲಿಗೆ ಹಾಕಿರುತ್ತಾರೆ?

ಬಾಗಲಕೋಟಿ ಮಂದಿ | ರಾತ್ರಿ 11:14

ಕೀಳೋದು ಯಾಕೆ? ಕಿತ್ತರೆ ಧೂಳು, ಸದ್ದು, ಲಾರಿ ಬಾಡಿಗೆ, ಅಂಗಡಿಯವರ ಜಗಳ. ಕೆಮಿಕಲ್ ಹಚ್ಚಿ ಮೇಲೇ ಟೈಲ್ ಕೂರಿಸಿರುತ್ತಾರೆ. ಗುರುತು ಹೇಳತೇನಿ ಕೇಳು. ಹಳೇ ಗಾಳಾಗಳ ಬಾಗಿಲ ಹತ್ತಿರ ನಿಂತು ನೋಡು. ಹೊರಗಿನ ನೆಲ ಒಳಗಿನ ನೆಲಕ್ಕಿಂತ ಅರ್ಧ ಇಂಚು ಮೇಲಿರುತ್ತದೆ. ಅಲ್ಲೊಂದು ಸಣ್ಣ ಇಳಿಜಾರು ಮಾಡಿರುತ್ತಾರೆ, ಇಲ್ಲ ಅಲ್ಯೂಮಿನಿಯಂ ಪಟ್ಟಿ ಬಡಿದಿರುತ್ತಾರೆ. ಹಾಗಿದ್ದರೆ ಕೆಳಗೆ ಕಲ್ಲು ಹಾಗೇ ಇದೆ ಅಂತ.

ಮಾಣಿ ಸೆಂಟ್ರಲ್ ಲೈನ್ | ರಾತ್ರಿ 11:16

ಅಪ್ಪನ ಅಂಗಡಿ ಬಾಗಿಲಲ್ಲಿ ಅಂಥದೇ ಪಟ್ಟಿ ಇದೆ. ಎಲ್ಲರೂ ಎಡವುತ್ತಾರೆ.

ಕೋರಮಂಗಲದವ | ರಾತ್ರಿ 11:30

ನಮ್ಮ ಬೆಂಗಳೂರಲ್ಲಿ ಫೋರಂ ಮಾಲ್ 2004ರಲ್ಲೇ ಶುರುವಾಗಿತ್ತು. ಒಳಗೆ ಹೋದರೆ

ಗೋಳಿಬಜೆ | ರಾತ್ರಿ 11:31

ಅರ್ಧಕ್ಕೆ ನಿಲ್ಲಿಸಿದ್ದು ಒಳ್ಳೇದಾಯಿತು.

ಕೋರಮಂಗಲದವ | ರಾತ್ರಿ 11:33

ನೆಟ್ ಹೋಗಿತ್ತು. ಈಗ ಹೇಳುವುದಿಲ್ಲ ಬಿಡಿ.

ಅರ್ಧ ಆರ್ಕಿಟೆಕ್ಟ್ | ಭಾನುವಾರ ಬೆಳಿಗ್ಗೆ 8:50

ಮಾಣಿ, ನಿಮಗೆ ಮರುಳಲ್ಲ. ಮಾಲ್ ಒಳಗೆ ಮರ ನಿಲ್ಲಿಸುವುದು ಮಾಲ್‌ನಷ್ಟೇ ಹಳೇ ಚಾಳಿ. ಅಮೆರಿಕದ ಎಡೈನಾ ಊರಿನಲ್ಲಿ 1956ರಲ್ಲಿ ಸೌತ್‌ಡೇಲ್ ಅಂತ ಮಾಲ್ ತೆರೆಯಿತು. ಎಲ್ಲಾ ಕಡೆ ಮುಚ್ಚಿ, ಒಳಗೆ ಹವೆ ಹಿಡಿದಿಟ್ಟ ಉಪನಗರದ ಮಾಲ್‌ಗಳಿಗೆಲ್ಲ ಅದೇ ಮೂಲ. ಅದರ ನಕ್ಷೆ ಮಾಡಿದ ಆರ್ಕಿಟೆಕ್ಟ್ ವಿಕ್ಟರ್ ಗ್ರುಯೆನ್, ವಿಯೆನ್ನಾದಿಂದ ವಲಸೆ ಹೋದವರು. ಹೊರಗೆ ಹಿಮ ಬೀಳುವ ಊರು. ಒಳಗೆ ವರ್ಷವಿಡೀ ಸುಮಾರು 24 ಡಿಗ್ರಿ. ನಡುವಿನ ಅಂಗಳದಲ್ಲಿ ಗಿಡ, ಹಕ್ಕಿಗಳ ದೊಡ್ಡ ಪಂಜರ. ಮತ್ತೆ ಹ್ಯಾರಿ ಬೆರ್ಟೋಯಾ ಅನ್ನುವ ಶಿಲ್ಪಿ ಮಾಡಿದ ಎತ್ತರದ ಲೋಹದ ಮರಗಳು, ಚಿನ್ನದ ಬಣ್ಣದವು. ನಿಮ್ಮ ಫೈಬರ್ ಮರ ಅದರ ದೂರದ ಮೊಮ್ಮಗು.

ಗ್ರುಯೆನ್‌ಗೆ ಬೇಕಾಗಿದ್ದು ಊರಿನ ಚೌಕದಂಥ ಜಾಗ. ಜನ ಬಂದು ಕೂರಬೇಕು, ಮಾತಾಡಬೇಕು. ಆಮೇಲೆ ಬಿಲ್ಡರುಗಳು ಅಂಗಡಿ ಮಾತ್ರ ಇಟ್ಟುಕೊಂಡು ಚೌಕ ಬಿಟ್ಟರು. ಕೊನೆಗಾಲದಲ್ಲಿ ಆತ ಈ ಮಾಲ್‌ಗಳು ತನ್ನವಲ್ಲ ಅಂತ ಕೈ ತೊಳೆದುಕೊಂಡ.

ಬೊರಿವಲಿ ಸ್ಲೋ | ಬೆಳಿಗ್ಗೆ 9:02

ಪರೀಕ್ಷೆಗೆ ಓದಿದ್ದನ್ನು ಇಲ್ಲಿ ಇಳಿಸಬೇಡಿ ಅಂತ ಹೇಳೋಣ ಅಂತಿದ್ದೆ. ಆದರೆ ಹಕ್ಕಿ ಪಂಜರ ಚೆನ್ನಾಗಿದೆ.

ಸೆಕೆಂಡ್ ಕ್ಲಾಸ್ ಪಾಸು | ಬೆಳಿಗ್ಗೆ 9:40

ವಿಷಯ ಸ್ವಲ್ಪ ಬೇರೆ, ಆದರೂ ಹೇಳುತ್ತೇನೆ. 26 ಜುಲೈ 2005. ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ ಸುರಿದ ದಿನ. ನಾನು ಆ ರಾತ್ರಿ ಒಂದು ಮಾಲ್ ಒಳಗೆ ಮಲಗಿದ್ದೆ. ಟ್ರೇನ್ ಇಲ್ಲ, ಬಸ್ ಇಲ್ಲ, ರೋಡಿನಲ್ಲಿ ಎದೆಮಟ್ಟ ನೀರು. ಕಾವಲಿನವರು ಬಾಗಿಲು ತೆಗೆದು ನೂರಾರು ಜನರನ್ನು ಒಳಗೆ ಬಿಟ್ಟರು. ಒಬ್ಬ ಅಂಗಡಿಯವ ಡಿಸ್‌ಪ್ಲೇಗೆ ಹಾಸಿದ್ದ ಕಾರ್ಪೆಟ್ ಎಳೆದು ಕೊಟ್ಟ. ನಿದ್ದೆ ಎಲ್ಲಿಂದ ಬರಬೇಕು? ಅಂಗಾತ ಮಲಗಿ ಸೀಲಿಂಗ್ ನೋಡುತ್ತಾ ಇದ್ದೆ. ಮಾಲ್‌ನ ಸೀಲಿಂಗನ್ನು ಇಡೀ ರಾತ್ರಿ ನೋಡಿದವ ನಾನೊಬ್ಬನೇ ಇರಬೇಕು.

ಎರಡಡಿಗೆ ಎರಡಡಿ ಚೌಕಗಳು. ಉದ್ದಕ್ಕೆ 31 ಎಣಿಸಿದ್ದು ನೆನಪಿದೆ. ಒಂದು ಚೌಕದ ಮೂಲೆ ನೆನೆದು ಚಹಾ ಚೆಲ್ಲಿದ ಹಾಗೆ ಕಂದಾಗಿತ್ತು. ಆ ಕಲೆ ಬೆಳಗಿನ ಜಾವದ ಹೊತ್ತಿಗೆ ದೋಸೆಯಷ್ಟು ಅಗಲವಾಯಿತು. ಅದರ ಕೆಳಗೆ ಮಲಗಿದ್ದ ಹೆಂಗಸು ಏಳಲೇ ಇಲ್ಲ. ಎಬ್ಬಿಸಲಾ ಬೇಡವಾ ಅಂತ ಯೋಚಿಸುತ್ತಾ ಬೆಳಕಾಯಿತು.

ಕಲ್ವಾ ಮಾಮಿ | ಬೆಳಿಗ್ಗೆ 9:52

ಎಬ್ಬಿಸಬೇಕಿತ್ತು.

ಸೆಕೆಂಡ್ ಕ್ಲಾಸ್ ಪಾಸು | ಬೆಳಿಗ್ಗೆ 9:53

ಹೌದು ಮಾಮಿ.

ನಿವೃತ್ತ ನಟ್‌ಬೋಲ್ಟ್ | ಬೆಳಿಗ್ಗೆ 11:15

ನಾನು ಠಾಣೆ-ಕಲ್ಯಾಣ ಕಡೆಯ ಮೂರು ಮಾಲ್‌ಗಳಲ್ಲಿ ಮೇಂಟೆನೆನ್ಸ್ ನೋಡಿದವ. ಮಾಣಿ ಹೇಳುವ ಮಾಲ್ ನನ್ನದಲ್ಲ. ಆದರೆ ಆ ಕಾಲದ ಮಾಲ್‌ಗಳೆಲ್ಲ ಅಣ್ಣತಮ್ಮಂದಿರು. ಅವು ಹೇಗೆ ಹುಟ್ಟಿದವು, ಹೇಗೆ ಬಣ್ಣ ಕಳೆದುಕೊಂಡವು ಅಂತ ಹೇಳುತ್ತೇನೆ.

2001ರಲ್ಲಿ ರಾಜ್ಯ ಸರ್ಕಾರ ಮಲ್ಟಿಪ್ಲೆಕ್ಸಿಗೆ ಮನರಂಜನಾ ತೆರಿಗೆಯಲ್ಲಿ ವಿನಾಯಿತಿ ಕೊಟ್ಟಿತು. ಸಿನಿಮಾ ಜೊತೆ ಮಾಲ್ ಕಟ್ಟುವ ಹುಮ್ಮಸ್ಸು ಅಲ್ಲಿಂದ ಜಾಸ್ತಿಯಾಯಿತು. ಕಟ್ಟಿದವರಲ್ಲಿ ಸುಮಾರು ಜನ ಅದಕ್ಕೆ ಮೊದಲು ಮಾಡಿದ್ದು ಬರೀ ಫ್ಲ್ಯಾಟು. ದುಬೈಗೋ ಸಿಂಗಾಪುರಕ್ಕೋ ಹೋಗಿ ಬಂದು, ಕಂಡದ್ದನ್ನೆಲ್ಲ ಒಂದೇ ಕಡೆ ಹಾಕಿದರು. ಮೋಡದ ಸೀಲಿಂಗು, ಕ್ಯಾಪ್ಸೂಲ್ ಲಿಫ್ಟು, ರೋಮನ್ ಕಂಬ, ಹೊರಗೆ ನೀಲಿ ಗಾಜು. ಪಕ್ಕದಲ್ಲಿ ಕೆಂಪು ಹಳದಿ ಎಸಿಪಿ ಶೀಟು, ಅಂದರೆ ಅಲ್ಯೂಮಿನಿಯಂ ಹೊದಿಸಿದ ಹಲಗೆ.

ಕಾರಂಜಿ ಯಾಕೆ ಹೋಯಿತು ಕೇಳಿ. ಒಂದು, ನಿಂತ ನೀರು ಕಂಡರೆ ಸೊಳ್ಳೆ ಅಂತ ಪಾಲಿಕೆಯವರು ನೋಟಿಸ್ ಅಂಟಿಸುತ್ತಾರೆ. ಎರಡು, ಮಕ್ಕಳು ಬೀಳುತ್ತಾರೆ. ಮೂರು, ಇದೇ ಮುಖ್ಯ, ನಡುವಿನ ನೆಲಕ್ಕೆ ಬಾಡಿಗೆ ಬರುತ್ತದೆ ಅಂತ ಮಾಲಿಕರಿಗೆ ಗೊತ್ತಾಯಿತು. ಒಂದು ಹೊಸ ಕಾರು ತಂದು ರಿಬ್ಬನ್ ಕಟ್ಟಿ ನಿಲ್ಲಿಸಿದರೆ ದಿನದ ಲೆಕ್ಕದಲ್ಲಿ ದುಡ್ಡು. ಕಾರಂಜಿ ಏನು ಕೊಡುತ್ತದೆ? ಕರೆಂಟ್ ಬಿಲ್ಲು. ಬೆಂಚು ಹೋದದ್ದೂ ಇದೇ ಲೆಕ್ಕದಲ್ಲಿ. ಬೆಂಚಿನಲ್ಲಿ ಕೂತವನು ಏನೂ ಕೊಳ್ಳುವುದಿಲ್ಲ, ಫುಡ್‌ಕೋರ್ಟಿನಲ್ಲಿ ಕೂತವನು ಕೊಳ್ಳುತ್ತಾನೆ. ಹತ್ತುವ ಎಸ್ಕಲೇಟರ್ ಒಂದು ತುದಿಗೆ, ಮುಂದಿನ ಮಹಡಿಯದು ಇನ್ನೊಂದು ತುದಿಗೆ. ನೀವು ಇಡೀ ಮಹಡಿ ಸುತ್ತಲಿ ಅಂತ. ಸಿನಿಮಾ, ಊಟ ಎಲ್ಲಾ ಮೇಲೆ. ಅದೂ ಇದಕ್ಕೇ.

ಮೋಡದ ಸೀಲಿಂಗು ಹೋಗಿದ್ದು ಸೋರಿಕೆಯಿಂದ. ನಡುವೆ ಬೆಳಕು ಬರಲಿ ಅಂತ ಮೇಲೆ ಪಾಲಿಕಾರ್ಬೊನೇಟ್ ಶೀಟು ಹಾಕಿರುತ್ತಿದ್ದರು. ಬಿಸಿಲಿಗೆ ಅದು ಹಳೇ ಹಲ್ಲಿನ ಹಾಗೆ ಹಳದಿಯಾಗುತ್ತದೆ. ಮೇ ತಿಂಗಳಲ್ಲಿ ಒಳಗೆ ಒಲೆ, ಎಸಿಗೆ ತಂಪು ಕೊಡುವ ಚಿಲ್ಲರ್ ಎಷ್ಟು ಓಡಿದರೂ ಸಾಲುವುದಿಲ್ಲ. ಜೂನ್ ಬಂತೆಂದರೆ ಸಂದಿ ಸಂದಿಯಿಂದ ನೀರು. ನಾನೇ ಒಂದು ಮಳೆಗಾಲ 22 ಬಕೆಟ್ ಇಡಿಸಿದ್ದೆ. ಬಕೆಟ್ ಕಾಣಬಾರದು ಅಂತ ಸುತ್ತ ಕುಂಡ ಜೋಡಿಸಿ. ಕಡೆಗೆ ಶೀಟಿನ ಕೆಳಗೆ ಜಿಪ್ಸಮ್ ಬೋರ್ಡ್ ಹೊಡೆದು ಆಕಾಶ ಮುಚ್ಚಿದೆವು.

ಮಾಣಿ ಸೆಂಟ್ರಲ್ ಲೈನ್ | ಬೆಳಿಗ್ಗೆ 11:31

ಸರ್, ಇನ್ನೊಂದು ನೆನಪು. ಲೋಡ್‌ಶೆಡ್ಡಿಂಗ್ ಆದಾಗ ಅಂಗಡಿ ಲೈಟು ಕೂಡಲೇ ಬರುತ್ತಿತ್ತು. ನಡುವಿನ ದೊಡ್ಡ ಲೈಟುಗಳು ಮಾತ್ರ ಬರುತ್ತಿರಲಿಲ್ಲ. ತುಂಬಾ ಹೊತ್ತಾದ ಮೇಲೆ ಮೊದಲು ನಸುನೇರಳೆ, ಆಮೇಲೆ ನಿಧಾನವಾಗಿ ಬಿಳಿ. ಇದೂ ಕನಸಾ?

ನಿವೃತ್ತ ನಟ್‌ಬೋಲ್ಟ್ | ಬೆಳಿಗ್ಗೆ 11:38

ಕನಸಲ್ಲ. ಅವು ಮೆಟಲ್ ಹಲೈಡ್ ದೀಪ. ಬಿಸಿ ಇರುವಾಗ ಕರೆಂಟ್ ಹೋದರೆ ತಣ್ಣಗಾಗದೆ ಮತ್ತೆ ಹತ್ತುವುದಿಲ್ಲ. ಹತ್ತು ನಿಮಿಷವಾದರೂ ಬೇಕು. ಜನರೇಟರ್ ಓಡುತ್ತಿದ್ದರೂ ಅಷ್ಟೇ. ನಿಮ್ಮ ಕಡೆ ಕರೆಂಟು ರಾಜ್ಯ ಸರ್ಕಾರದ ವಿದ್ಯುತ್ ಕಂಪನಿ ಮಹಾವಿತರಣದ್ದು, ಆಗ ದಿನಾ ಕೈ ಕೊಡುತ್ತಿತ್ತು. ಏಳು ವರ್ಷದ ಹುಡುಗ ಇದನ್ನು ಗಮನಿಸಿದ್ದಾನೆ ಅಂದರೆ ಮರದ ವಿಷಯದಲ್ಲೂ ನಾನು ನಿನ್ನ ಕಡೆ.

ವಾಶಿ ವಾಸು | ಬೆಳಿಗ್ಗೆ 11:50

ನಟ್‌ಬೋಲ್ಟ್ ಸರ್, ಎಲ್ಲಾ ಬಿಲ್ಡರು ತೆಗೆದ, ಮುಚ್ಚಿದ ಅಂತೀರಿ. ನನ್ನ ಪ್ರಕಾರ ಅಸಲಿ ತಪ್ಪು ಗಾಳಾ ಮಾರಿದ್ದು. ಇಡೀ ಮಾಲ್ ಒಬ್ಬನ ಕೈಯಲ್ಲಿದ್ದರೆ ಎಲ್ಲಿ ಯಾವ ಅಂಗಡಿ ಅಂತ ಅವನು ನೋಡಿಕೊಳ್ಳುತ್ತಾನೆ. ಬಿಡಿ ಬಿಡಿಯಾಗಿ ಮಾರಿದರೆ ಒಬ್ಬ ಮೊಬೈಲ್ ಕವರ್, ಪಕ್ಕದವ ಸಿಎ ಆಫೀಸು, ಅದರ ಪಕ್ಕ ಶಟರ್ ಎಳೆದು ಗೋಡೌನು. ಮೇಂಟೆನೆನ್ಸ್ ಕಟ್ಟುವುದಿಲ್ಲ. ಎಸಿ ನಿಲ್ಲುತ್ತದೆ, ಎಸ್ಕಲೇಟರ್ ನಿಲ್ಲುತ್ತದೆ, ಗಿರಾಕಿ ನಿಲ್ಲುತ್ತಾನೆ. 2009ರ ಘಾಟ್ಕೋಪರ್ ಆರ್ ಸಿಟಿ, 2013ರ ಠಾಣೆಯ ವಿವಿಯಾನಾ, ಅಂಥ ದೊಡ್ಡವು ಬಾಡಿಗೆಗೆ ಕೊಟ್ಟು ನಡೆಸಿದವು. ಅವುಗಳ ಮುಂದೆ ಈ ಚಿಲ್ಲರೆ ಮಾಲ್‌ಗಳು ಎಲ್ಲಿ ನಿಲ್ಲಬೇಕು?

ಮಾಣಿ ಸೆಂಟ್ರಲ್ ಲೈನ್ | ಬೆಳಿಗ್ಗೆ 11:54

ಮೊಬೈಲ್ ಕವರ್ ನಮ್ಮಪ್ಪನದೇ ಅಂಗಡಿ.

ವಾಶಿ ವಾಸು | ಬೆಳಿಗ್ಗೆ 11:55

ಅಯ್ಯೋ. ಸುಮ್ನೆ ಉದಾಹರಣೆಗೆ ಅಂದೆ ತಮ್ಮಾ. ಬೇಜಾರು ಮಾಡಿಕೊಳ್ಳಬೇಡ.

ಮಾಣಿ ಸೆಂಟ್ರಲ್ ಲೈನ್ | ಬೆಳಿಗ್ಗೆ 11:59

ಬೇಜಾರಿಲ್ಲ ಅಣ್ಣಾ. ಮೊದಲು ಗಿಫ್ಟ್ ಐಟಂ ಇತ್ತು. ಆಮೇಲೆ ಕವರ್. ಈಗ ಶಟರ್. ನೀವು ಹೇಳಿದ ಆರ್ಡರಿನಲ್ಲೇ ಆಗಿದೆ.

ಅರ್ಧ ಆರ್ಕಿಟೆಕ್ಟ್ | ಮಧ್ಯಾಹ್ನ 12:20

ಹಳೇದನ್ನು ಮುಚ್ಚದೆ ಉಳಿಸಿಕೊಂಡದ್ದೂ ಇದೆ. ಲೋವರ್ ಪರೇಲಿನ ಫೀನಿಕ್ಸ್ ಬಟ್ಟೆ ಮಿಲ್ ಜಾಗದಲ್ಲಿ ಈಗ ಮಾಲ್ ಇದೆ, ಮಿಲ್ಲಿನ ಚಿಮಣಿ ಹಾಗೇ ನಿಂತಿದೆ.

ಗೋಳಿಬಜೆ | ಮಧ್ಯಾಹ್ನ 12:26

ಚಿಮಣಿ ಉಳಿಯಿತು, ಮಿಲ್ಲಿನಲ್ಲಿದ್ದವರು ಎಲ್ಲಿಗೆ ಹೋದರು? ನನ್ನ ದೊಡ್ಡಪ್ಪ ಪರೇಲಿನ ಒಂದು ಮಿಲ್ಲಿನ ಕ್ಯಾಂಟೀನಿನಲ್ಲಿದ್ದವರು. ಬಾಗಿಲು ಮುಚ್ಚಿದ ಮೇಲೆ ಅವರಿಗೆ ಯಾವ ಚಿಮಣಿಯೂ ಬೇಕಾಗಿರಲಿಲ್ಲ.

ಅರ್ಧ ಆರ್ಕಿಟೆಕ್ಟ್ | ಮಧ್ಯಾಹ್ನ 12:28

ಒಪ್ಪಿದೆ.

ಕಲ್ವಾ ಮಾಮಿ | ಮಧ್ಯಾಹ್ನ 1:10

ಫೋಟೋ ಯಾರ ಹತ್ತಿರವೂ ಇಲ್ಲದಿರುವುದಕ್ಕೆ ಕಾರಣ ಇದೆ. ಆಗ ಒಳಗೆ ಕ್ಯಾಮೆರಾ ತೆಗೆದರೆ ವಾಚ್‌ಮನ್ ಓಡಿ ಬರುತ್ತಿದ್ದ. 2008ರ ನವೆಂಬರ್ ದಾಳಿ ಆದ ಮೇಲಂತೂ ಬಾಗಿಲಿಗೆ ಯಂತ್ರ ಬಂತು, ಪರ್ಸು ಬಿಚ್ಚಿ ತೋರಿಸಬೇಕಾಯಿತು. ನಿಮ್ಮ ಮನೆಯಲ್ಲಿ ಹುಡುಕಬೇಡ ಮಗಾ. ಬೇರೆಯವರ ಮಕ್ಕಳ ಹುಟ್ಟುಹಬ್ಬದ ಫೋಟೋ ಹುಡುಕು. ಬರ್ಗರ್ ಅಂಗಡಿಯಲ್ಲಿ ಕಾಗದದ ಟೋಪಿ ಹಾಕಿಕೊಂಡು ಕೂತಿರುತ್ತವಲ್ಲ, ಅದರ ಹಿಂದೆ ಮಾಲ್ ಕಾಣುತ್ತದೆ.

ಥಾಲಿ ಟೋಕನ್ | ಸಂಜೆ 4:05

ಈ ಚರ್ಚೆ ಈಗ ನೋಡಿದೆ. ಮರ ಇತ್ತು.

ನಾನು ಆ ಮಾಲ್‌ನ ಫುಡ್‌ಕೋರ್ಟಿನಲ್ಲಿ ನಮ್ಮ ಕುಂದಾಪುರದವರ ಕೌಂಟರಿನಲ್ಲಿ ಕ್ಯಾಶಿಯರ್ ಆಗಿದ್ದೆ, 2006ರಿಂದ 2011. ಹೊರಗೆ ಮಸಾಲೆ ದೋಸೆ 18 ರೂಪಾಯಿ ಇದ್ದಾಗ ಒಳಗೆ 45. ಬೈಸಿಕೊಳ್ಳುವುದು ನಾನು. ಸೌತ್ ಇಂಡಿಯನ್ ಕೌಂಟರ್ ಯಾವ ಮಾಲ್‌ನಲ್ಲಿ ನೋಡಿದರೂ ಕೈ ತೊಳೆಯುವ ಬೇಸಿನ್ ಪಕ್ಕದಲ್ಲೇ ಇರುತ್ತದೆ. ಯಾಕೆ ಅಂತ ನನಗೆ ಇವತ್ತಿಗೂ ತಿಳಿದಿಲ್ಲ.

ಮರಕ್ಕೆ ಬರುತ್ತೇನೆ. ಅದು ನಡುವೆ ಇರಲಿಲ್ಲ. ನಡುವಿನ ತೆರೆದ ಜಾಗದ ಅಂಚಿನಲ್ಲಿ, ಎಸ್ಕಲೇಟರ್ ಪಕ್ಕದಲ್ಲಿತ್ತು. ನೀನು ಸಣ್ಣವನಿದ್ದೆ, ನಿನಗೆ ಅದೇ ನಡು. ಗಿಳಿಯೂ ಇತ್ತು, ಆದರೆ ಅದರ ಕೊಕ್ಕನ್ನು ಯಾರೋ ಮುರಿದಿದ್ದರು. ಮೊದಲನೇ ಮಹಡಿಯ ರೇಲಿಂಗ್ ಹಿಡಿದು ಕೈ ಚಾಚಿದರೆ ಎಲೆ ಸಿಗುತ್ತಿತ್ತು. ಸಿಕ್ಕಿದ್ದನ್ನು ಹುಡುಗರು ಕಿತ್ತು ಕಿತ್ತು ಆ ಕಡೆಯ ಕೊಂಬೆ ಬೋಳಾಗಿತ್ತು.

ಇನ್ನೊಂದು ಹೇಳುತ್ತೇನೆ, ನಗಬೇಡಿ. ಮಳೆಗಾಲದಲ್ಲಿ ಆ ಮರದ ಒಳಗಿಂದ ನೀರು ಹರಿಯುವ ಸದ್ದು ಬರುತ್ತಿತ್ತು. ಜೋರು ಮಳೆಗೆ ಗಳಗಳ ಅಂತ. ನಾನು ರಾತ್ರಿ ಕ್ಯಾಶ್ ಮುಗಿಸಿ ಕೆಳಗೆ ಬರುವಾಗ ಎಸ್ಕಲೇಟರ್ ನಿಲ್ಲಿಸಿರುತ್ತಿದ್ದರು, ಮ್ಯೂಸಿಕ್ ಇರುತ್ತಿರಲಿಲ್ಲ. ಆಗ ಚೆನ್ನಾಗಿ ಕೇಳುತ್ತಿತ್ತು. ಹೌಸ್‌ಕೀಪಿಂಗಿನ ಮಾವಶಿ ಒಬ್ಬರು ಮರಕ್ಕೆ ಕೈ ಮುಗಿದು ಹೋಗುತ್ತಿದ್ದರು.

ನಿವೃತ್ತ ನಟ್‌ಬೋಲ್ಟ್ | ಸಂಜೆ 4:22

ಹಾ! ಸಿಕ್ಕಿತು.

ಅದು ಮರ ಅಲ್ಲ ಮಹಾರಾಯರೇ, ಕಂಬ. ಆರ್‌ಸಿಸಿ ಕಂಬ, ಪಕ್ಕದಲ್ಲಿ ಟೆರೇಸಿನಿಂದ ಮಳೆನೀರು ಇಳಿಯುವ ಡೌನ್‌ಟೇಕ್ ಪೈಪು. ಆರಿಂಚಿನ ಪಿವಿಸಿ ಇರಬೇಕು. ನಡುವಿನ ಜಾಗದಲ್ಲಿ ಪೈಪು ಕಂಡರೆ ಚಂದವಲ್ಲ ಅಂತ ಮೇಲೆ ಫೈಬರ್ ತೊಗಟೆ ಹೊದಿಸಿ ಮರ ಮಾಡಿದ್ದಾರೆ. ನಾನಾಗಿದ್ದರೂ ಹಾಗೇ ಮಾಡುತ್ತಿದ್ದೆ. ಮಾಣಿ, ನಿನ್ನ ಅಮ್ಮ ಕಾರಂಜಿ ಇತ್ತು ಅಂದದ್ದು ಇದನ್ನೇ. ಅವರು ನೋಡಿದ್ದಲ್ಲ, ಕೇಳಿದ್ದು.

ಕಲ್ವಾ ಮಾಮಿ | ಸಂಜೆ 4:25

ಮೈ ಜುಮ್ ಅಂತು.

ಬೊರಿವಲಿ ಸ್ಲೋ | ಸಂಜೆ 4:31

ಠಾಣೆ ಆಚೆಯದೂ ಮಾಲೇ. ಒಪ್ಪಿಕೊಂಡೆ.

ಮಾಣಿ ಸೆಂಟ್ರಲ್ ಲೈನ್ | ಸಂಜೆ 4:40

ಅಮ್ಮನಿಗೆ ಓದಿ ಹೇಳಿದೆ. "ನಾನು ಹೇಳಲಿಲ್ವಾ" ಅಂತ ಅಪ್ಪನ ಕಡೆ ನೋಡಿದಳು. ಅಪ್ಪನ ವಾದ ಬೇರೆ. ಬೆಳಿಗ್ಗೆ ಹತ್ತರಿಂದ ರಾತ್ರಿ ಹತ್ತರವರೆಗೆ ಅಂಗಡಿಯಲ್ಲಿ ಕೂತವನು ಮರ ಯಾವಾಗ ನೋಡಬೇಕು? ಅವರ ಗಾಳಾ ಹಿಂದಿನ ಸಾಲಿನಲ್ಲಿ. ಬರುವುದು ಹೋಗುವುದು ಹಿಂದಿನ ಮೆಟ್ಟಿಲಲ್ಲಿ.

ನಟ್‌ಬೋಲ್ಟ್ ಸರ್, ಹಾಗಾದರೆ ಕಂಬ ಈಗಲೂ ಇರಬೇಕಲ್ಲ? ಎಸ್ಕಲೇಟರ್ ಪಕ್ಕ ಈಗ ಒಂದು ಚೌಕಾಕಾರದ ದಪ್ಪ ಕಂಬ ಇದೆ. ಬಿಳಿ ಶೀಟು ಹೊದಿಸಿ, ಎಲ್‌ಇಡಿ ಸ್ಕ್ರೀನ್ ಹಾಕಿದ್ದಾರೆ. ಸ್ಕ್ರೀನ್ ಕೆಟ್ಟಿದೆ.

ನಿವೃತ್ತ ನಟ್‌ಬೋಲ್ಟ್ | ಸಂಜೆ 4:46

ಎಷ್ಟು ದಪ್ಪ?

ಮಾಣಿ ಸೆಂಟ್ರಲ್ ಲೈನ್ | ಸಂಜೆ 4:47

ಇಬ್ಬರು ಕೈ ಹಿಡಿದು ತಬ್ಬಿದರೂ ಸಾಲದು.

ನಿವೃತ್ತ ನಟ್‌ಬೋಲ್ಟ್ | ಸಂಜೆ 4:52

ಅಷ್ಟು ಸಣ್ಣ ಕಟ್ಟಡಕ್ಕೆ ಅಷ್ಟು ದಪ್ಪ ಕಂಬ ಯಾಕೆ? ಕೊಂಬೆ ಕೊಯ್ದು, ಬೊಡ್ಡೆ ಹಾಗೇ ಬಿಟ್ಟು ಮುಚ್ಚಿದ್ದಾರೆ. ತೆಗೆಯಲು ಕೂಲಿ ಕೊಡಬೇಕಲ್ಲ. ಬೆರಳ ಗೆಣ್ಣಿನಿಂದ ತಟ್ಟಿ ನೋಡು, ಟೊಳ್ಳು ಸದ್ದು ಬರುತ್ತದೆ.

ಒಂದು ಮಾತು. ಹೀಗೆ ಮುಚ್ಚಿದ್ದರ ಮೇಲೆ ಮುಚ್ಚುತ್ತಾ ಹೋಗುವುದು ನನಗೆ ಸೇರುವುದಿಲ್ಲ. ಒಳಗೆ ಖಾಲಿ ಜಾಗ, ಫೈಬರು, ವೈರು. 2021ರ ಮಾರ್ಚಿನಲ್ಲಿ ಭಾಂಡೂಪಿನ ಮಾಲ್‌ಗೆ ಬೆಂಕಿ ಬಿದ್ದಾಗ ಮೇಲಿನ ಮಹಡಿಯಲ್ಲಿ ಆಸ್ಪತ್ರೆ ಇತ್ತು, ಜನ ಸತ್ತರು. ಅದರ ಕಾರಣ ಬೇರೆ ಏನೇ ಇರಲಿ, ಅವತ್ತಿನಿಂದ ನಾನು ಯಾವ ಮಾಲ್‌ಗೆ ಹೋದರೂ ಮೊದಲು ಮೆಟ್ಟಿಲು ಎಲ್ಲಿದೆ ನೋಡುತ್ತೇನೆ.

ಥಾಲಿ ಟೋಕನ್ | ಸಂಜೆ 5:10

ಆ ಮಾಲ್‌ನ ಹಿಂದಿನ ಮೆಟ್ಟಿಲಲ್ಲಿ ನಾವು ಈರುಳ್ಳಿ ಚೀಲ ಇಡುತ್ತಿದ್ದೆವು. ತಪ್ಪಾಯಿತು.

ಬಾಗಲಕೋಟಿ ಮಂದಿ | ಸಂಜೆ 5:15

ಮಾಣಿ, ಹೋದಾಗ ನೆಲದ್ದೂ ನೋಡ್ಕೊಂಡು ಬಾ.

ಮಾಣಿ ಸೆಂಟ್ರಲ್ ಲೈನ್ | ಮುಂದಿನ ಭಾನುವಾರ, ರಾತ್ರಿ 9:30

ಹೋಗಿ ಬಂದೆ. ಅಪ್ಪನೂ ಬಂದರು, ಶಟರಿಗೆ ಎಣ್ಣೆ ಹಾಕಬೇಕು ಅಂತ ನೆಪ ಹೇಳಿ.

ನೆಲಮಹಡಿಯಲ್ಲಿ ಒಂದು ಸೂಪರ್‌ಮಾರ್ಕೆಟ್ ನಡೆಯುತ್ತಿದೆ. ಮೊದಲನೇ ಮಹಡಿಯಲ್ಲಿ ಕೋಚಿಂಗ್ ಕ್ಲಾಸು. ಉಳಿದದ್ದೆಲ್ಲ ಅರ್ಧ ಕತ್ತಲೆ. ಎಸ್ಕಲೇಟರ್ ನಿಂತಿದೆ, ಮೆಟ್ಟಿಲಿನ ಹಾಗೆ ಹತ್ತಬೇಕು. ನಿಂತಿದೆ ಅಂತ ಗೊತ್ತಿದ್ದರೂ ಮೊದಲ ಹೆಜ್ಜೆಗೆ ಮೈ ಮುಂದಕ್ಕೆ ವಾಲುತ್ತದೆ.

ಕಂಬ ತಟ್ಟಿದೆ. ಮೂರು ಕಡೆ ಟೊಳ್ಳು. ಸುತ್ತು ಹೊಡೆದು ನೋಡಿದರೆ, ಗೋಡೆ ಕಡೆಗೆ ಕೆಳಗಡೆ ಶೀಟಿನ ಮೂಲೆ ಬಿಟ್ಟುಕೊಂಡಿದೆ. ಸೂಪರ್‌ಮಾರ್ಕೆಟಿನ ಟ್ರಾಲಿ ಗುದ್ದಿರಬೇಕು. ಬಗ್ಗಿ ಮೊಬೈಲ್ ಟಾರ್ಚು ಹಾಕಿದೆ. ಒಳಗೆ ಕಂದು ಬಣ್ಣದ ಬೇರು. ಫೈಬರಿನದೇ, ಗಂಟು ಗಂಟು, ಮೇಲೆ ಗೆರೆ ಕೊರೆದು ಕಪ್ಪು ತುಂಬಿದ್ದಾರೆ. ಬೇರಿನ ಸಂದಿಯಲ್ಲಿ ಒಂದು ಟೋಕನ್, ಎರಡು ಐಸ್‌ಕ್ರೀಮ್ ಕಡ್ಡಿ. ಮತ್ತೆ ಬೇರು ಕೂತಿರುವ ಕಡೆ ಟೈಲ್ ಹಾಕಿಲ್ಲ. ಅಂಗೈಯಗಲ ಕೆಂಪು ಕಲ್ಲು ಹಾಗೇ ಇದೆ, ಬೂದು ಅಲೆ ಸಮೇತ.

ಅಪ್ಪನನ್ನು ಕರೆದೆ. ಮೊಣಕಾಲು ನೋವು, ಆದರೂ ಕೂತು ನೋಡಿದರು. "ಇದು ಯಾವಾಗ ಹಾಕಿದರು?" ಅಂದರು.

ಬಾಗಲಕೋಟಿ ಮಂದಿ | ರಾತ್ರಿ 9:34

ಇಳಕಲ್ ಕಲ್ಲು ಅಂದ್ರೆ ಸುಮ್ನೆ ಅಲ್ಲ!

ಥಾಲಿ ಟೋಕನ್ | ರಾತ್ರಿ 9:36

ಟೋಕನ್ ಯಾವ ಬಣ್ಣ? ಹಳದಿ ಆದರೆ ನಮ್ಮದು.

ಮಾಣಿ ಸೆಂಟ್ರಲ್ ಲೈನ್ | ರಾತ್ರಿ 9:38

ಹಳದಿ. ನಂಬರ್ 57.

ಥಾಲಿ ಟೋಕನ್ | ರಾತ್ರಿ 9:39

ಅದು ಕಳೆದುಹೋಗಿದೆ ಅಂತ ನನ್ನ ಸಂಬಳದಲ್ಲಿ 20 ರೂಪಾಯಿ ಹಿಡಿದಿದ್ದರು ಮಾರಾಯ.

ಕಲ್ವಾ ಮಾಮಿ | ರಾತ್ರಿ 9:45

ಎಲ್ಲಾ ಸರಿ ಮಗಾ, ಫೋಟೋ ಎಲ್ಲಿ?

ಮಾಣಿ ಸೆಂಟ್ರಲ್ ಲೈನ್ | ರಾತ್ರಿ 9:47

ತೆಗೆಯಲು ಹೋದೆ ಮಾಮಿ. ಅಷ್ಟು ಖಾಲಿ ಮಾಲ್‌ನಲ್ಲಿ ವಾಚ್‌ಮನ್ ಎಲ್ಲಿಂದ ಬಂದನೋ. "ಫೋಟೋ ಅಲೌಡ್ ನಹೀ ಹೈ" ಅಂದ.